ನಿಮಗಿದು ಗೊತ್ತೆ?: ನಕಲಿಗೆ ಬಾಗಿಲು ತೆರೆದೇ ಬೆಳೆದ ಆರ್ಡುಯಿನೊ

ವಿಜ್ಞಾನ ಮೇಳಗಳಲ್ಲಿ ಮಕ್ಕಳ ಕೈಯಲ್ಲಿ ಕಾಣುವ ಆರ್ಡುಯಿನೊ ಎಂಬ, ಪ್ರೋಗ್ರಾಂ ಬರೆದು ನಡೆಸುವ ಪುಟ್ಟ ಎಲೆಕ್ಟ್ರಾನಿಕ್ ಬೋರ್ಡು 2005ರಲ್ಲಿ ಹುಟ್ಟಿದ್ದು ಇಟಲಿಯ ಇವ್ರೇಯಾ ಪಟ್ಟಣದ ವಿನ್ಯಾಸ ಶಾಲೆಯೊಂದರಲ್ಲಿ, ಎಲೆಕ್ಟ್ರಾನಿಕ್ಸ್ ಓದದ ವಿದ್ಯಾರ್ಥಿಗಳಿಗಾಗಿ. ಶಾಲೆ ಮುಚ್ಚುವ ಹಂತದಲ್ಲಿತ್ತು. ಅದರೊಂದಿಗೆ ಬೋರ್ಡೂ ಮೂಲೆ ಸೇರಬಾರದೆಂದು ಅದನ್ನು ರೂಪಿಸಿದವರು ಸರ್ಕ್ಯೂಟ್ ನಕ್ಷೆ, ತಂತ್ರಾಂಶ ಎರಡನ್ನೂ ಎಲ್ಲರಿಗೂ ಮುಕ್ತಗೊಳಿಸಿದರು. ಹೀಗೆ ಕೊಟ್ಟುಬಿಟ್ಟರೆ ನಕಲು ಮಾಡುವವರು ಮೂಲವನ್ನೇ ನುಂಗುವುದಿಲ್ಲವೇ? ಅಗ್ಗದ ನಕಲುಗಳು ಬಂದದ್ದು ನಿಜ. ಆದರೆ ಅವನ್ನು ಕೊಂಡವರೂ ಬಳಸುವುದು ಅದೇ ತಂತ್ರಾಂಶವನ್ನು, ಕಲಿಯುವುದು ಅದೇ ಪಾಠಗಳನ್ನು. ಹಾಗಾಗಿ ಬಳಕೆದಾರರ ಬಳಗ ಬೆಳೆದದ್ದು ಮೂಲದ ಸುತ್ತಲೇ. ಮೇಲಾಗಿ ಬಿಟ್ಟುಕೊಟ್ಟದ್ದು ನಕ್ಷೆಯನ್ನು, ಹೆಸರನ್ನಲ್ಲ (ಜಾಣತನ ಇರುವುದೇ ಇಲ್ಲಿ). ಬೋರ್ಡನ್ನು ಯಾರು ಬೇಕಾದರೂ ತಯಾರಿಸಿ ಮಾರಬಹುದು. ಅದರ ಮೇಲೆ ‘ಆರ್ಡುಯಿನೊ’ ಎಂದು ಅಚ್ಚು ಹಾಕಲು ಮಾತ್ರ ಅನುಮತಿ ಬೇಕು, ಏಕೆಂದರೆ ಅದು ನೋಂದಾಯಿತ ಟ್ರೇಡ್‌ಮಾರ್ಕ್.