ಒಣ ಶ್ಯಾವಿಗೆ ಮತ್ತು ಪಾಸ್ತಾ: ಖರೀದಿಗೆ ಮುನ್ನ ಗಮನಿಸಬೇಕಾದ ಅಂಶಗಳು

ಕಾವೇರಿ ತೀರದ ರಾಮನಾಥಪುರವನ್ನೊಳಗೊಂಡ ಹಾಸನ ಸೀಮೆಯ ಮನೆಗಳಿಗೆ ಶ್ಯಾವಿಗೆ ಹೊಸದೇನಲ್ಲ. ಆದರೆ ಇಲ್ಲಿ ರೂಢಿಯಲ್ಲಿರುವ ಒತ್ತು ಶ್ಯಾವಿಗೆ ಅಕ್ಕಿಯದು. ಒತ್ತಿದ ದಿನವೇ ಕಾಯಿಹಾಲಿನೊಡನೆ ಮುಗಿಯುವಂಥದು. ಅದು ಬೆಳ್ಳಗಿದ್ದಷ್ಟೂ ಮೆಚ್ಚುಗೆ. ಇದೇ ಅಳತೆಗೋಲನ್ನು ಅಂಗಡಿಯ ಒಣ ಗೋಧಿ ಶ್ಯಾವಿಗೆ, ಪಾಸ್ತಾಗಳಿಗೂ ಅನ್ವಯಿಸುವ ಗ್ರಾಹಕರು ಕೆಳದರ್ಜೆಯ ಸರಕಿಗೆ ಮೇಲ್ದರ್ಜೆಯ ಬೆಲೆ ತೆರುವ ಸಂಭವವುಂಟು.

ಒಣ ಪಾಸ್ತಾದ ಗುಣಮಟ್ಟವನ್ನು ನಿರ್ಧರಿಸುವುದು ಮುಖ್ಯವಾಗಿ ಹಿಟ್ಟು ಮತ್ತು ಒಣಗಿಸುವ ಕ್ರಮ. ಡ್ಯೂರಂ ಎಂಬ ಗಟ್ಟಿ ಗೋಧಿಯ ರವೆ (ನಮ್ಮ ದಿನಸಿ ಅಂಗಡಿಗಳ ಬನ್ಸಿ ರವೆ) ಸಹಜವಾಗಿಯೇ ನಸುಹಳದಿ. ಅದರ ಪ್ರೋಟೀನು ಪಿಷ್ಟವನ್ನು ಬಿಗಿಯಾಗಿ ಹಿಡಿದಿಡುವುದರಿಂದ ಎಳೆ ಬೆಂದರೂ ಮುದ್ದೆಯಾಗುವುದಿಲ್ಲ. ಇಟಲಿಯು 1967ರ ಕಾನೂನಿನಲ್ಲಿಯೇ ಒಣ ಪಾಸ್ತಾಕ್ಕೆ ಡ್ಯೂರಂ ರವೆಯನ್ನು ಕಡ್ಡಾಯಗೊಳಿಸಿತು. ಭಾರತದಲ್ಲಿ ಮೈದಾ ಬಳಸಿಯೂ ತಯಾರಿಸಬಹುದು. ಅದು ಕಲಬೆರಕೆಯಲ್ಲ, ಆದರೆ ರವೆಯ ಬೆಲೆಗೆ ಮೈದಾ ಕೊಳ್ಳುವುದು ನಷ್ಟವೇ ಸರಿ. ಉತ್ತರ ಕರ್ನಾಟಕದ ಮನೆಗಳಲ್ಲಿ ಬೇಸಿಗೆಯಲ್ಲಿ ಒಣಗಿಸಿ ಕೂಡಿಡುವ ಜವೆ ಗೋಧಿಯ ಶ್ಯಾವಿಗೆಯೂ ಬೆಳ್ಳಗಿರುವುದಿಲ್ಲ ಎಂಬುದು ಇಲ್ಲಿ ಸ್ಮರಣೀಯ.

ಆದಕಾರಣ ಮೊದಲು ಓದಬೇಕಾದುದು ಪೊಟ್ಟಣದ ಹಿಂಬದಿಯ ಘಟಕಾಂಶಗಳ ಪಟ್ಟಿ. ತೂಕದಲ್ಲಿ ಹೆಚ್ಚಿರುವುದನ್ನು ಮೊದಲು ನಮೂದಿಸಬೇಕೆಂಬುದು ನಿಯಮ. ಮುಂಬದಿಯಲ್ಲಿ ದಪ್ಪಕ್ಷರದಲ್ಲಿ ರವೆಯೆಂದಿದ್ದು ಹಿಂಬದಿಯ ಪಟ್ಟಿ 'ಸಂಸ್ಕರಿಸಿದ ಗೋಧಿ ಹಿಟ್ಟು' ಎಂದು ಆರಂಭವಾದರೆ ಅದು ಪ್ರಧಾನವಾಗಿ ಮೈದಾ ಎಂದೇ ತಿಳಿಯಬೇಕು. 100 ಗ್ರಾಮಿಗೆ 12 ಗ್ರಾಂ ಅಥವಾ ಹೆಚ್ಚು ಪ್ರೋಟೀನು ಒಳ್ಳೆಯ ಸೂಚನೆ.

ಪಾರದರ್ಶಕ ಪೊಟ್ಟಣವಾದರೆ ಕಣ್ಣೇ ಪರೀಕ್ಷಕ. ಬಣ್ಣ ಎಲ್ಲೆಡೆ ಒಂದೇ ಸಮನಿರಬೇಕು. ಬಿಳಿ ಚುಕ್ಕೆಗಳಿದ್ದರೆ ರವೆ ಸರಿಯಾಗಿ ನೀರು ಹೀರಿಲ್ಲ; ಕೂದಲೆಳೆಯಂಥ ಬಿರುಕುಗಳಿದ್ದರೆ ಅವಸರದಲ್ಲಿ ಒಣಗಿಸಿರಬಹುದು, ಅಂಥದು ಕುದಿನೀರಿನಲ್ಲಿ ತುಂಡಾಗುತ್ತದೆ. ತಳದಲ್ಲಿ ಪುಡಿ ಹೆಚ್ಚಿದ್ದರೆ ತಪ್ಪು ತಯಾರಕರದೋ, ಮೂಟೆಗಳ ಅಡಿಯಲ್ಲಿ ಒತ್ತಿಟ್ಟ ವ್ಯಾಪಾರಿಯದೋ ಹೇಳಲಾಗದು. ಕೊಳ್ಳುವವರಿಗಂತೂ ಎರಡೂ ಒಂದೇ. ಹುರಿದ ಶ್ಯಾವಿಗೆಯ ಕಂದುಬಣ್ಣ ಈ ದೋಷಗಳನ್ನು ಮರೆಮಾಡುವುದರಿಂದ ಹುರಿಯದ್ದನ್ನು ಕೊಂಡು ಮನೆಯಲ್ಲಿ ಹುರಿಯುವುದು ಲೇಸು.

ಬೆಲೆಯನ್ನು ಪೊಟ್ಟಣಕ್ಕಲ್ಲ, ತೂಕಕ್ಕೆ ಹೋಲಿಸಬೇಕು. ಪೊಟ್ಟಣ ಸರಕುಗಳ ನಿಯಮಗಳಿಗೆ 2021ರಲ್ಲಿ ಆದ ತಿದ್ದುಪಡಿಯ ಮೇರೆಗೆ ಒಂದು ಕಿಲೋಗಿಂತ ಕಡಿಮೆ ತೂಕದ ಪೊಟ್ಟಣಗಳ ಮೇಲೆ ಪ್ರತಿ ಗ್ರಾಮಿನ ದರವೂ ಮುದ್ರಿತವಾಗಿರುತ್ತದೆ. ಇನ್ನು ತೆರಿಗೆಯ ಮಾತು. ಶ್ಯಾವಿಗೆಗೆ ಜಿ.ಎಸ್.ಟಿ. ಶೇಕಡಾ 5 ಇದ್ದಾಗ ಪಾಸ್ತಾಕ್ಕೆ 12 ಇತ್ತು. 2025ರ ಸೆಪ್ಟೆಂಬರ್ 22ರಿಂದ ಅದೂ 5ಕ್ಕೆ ಇಳಿದಿದೆ. ಆದ್ದರಿಂದ ಪಾಸ್ತಾದ ಹೆಚ್ಚಿನ ಬೆಲೆಗೆ ತೆರಿಗೆಯ ಕಾರಣ ಹೇಳುವ ಅಂಗಡಿಯಲ್ಲಿ ಹಳೆಯ ದಾಸ್ತಾನಿನ ತಯಾರಿಕಾ ದಿನಾಂಕವನ್ನು ಇನ್ನೊಮ್ಮೆ ನೋಡುವುದು ಒಳಿತು.