ತೇರು ಬಿಚ್ಚುವ ಕ್ರಮ

ನಂಜನಗೂಡಿನ ದೊಡ್ಡಜಾತ್ರೆಯಲ್ಲಿ ಐದು ತೇರು ಎಳೆಯುತ್ತಾರೆ. ನೋಡೋಕೆ ಊರಿಗೂರೇ ಬರುತ್ತದೆ. ಜಾತ್ರೆ ಮುಗಿದ ಮೇಲೆ ತೇರಿನ ಅಲಂಕಾರ ಬಿಚ್ಚುವುದನ್ನು ಮಾತ್ರ ಯಾರೂ ನಿಂತು ನೋಡುವುದಿಲ್ಲ. ಕೊನೆಗೆ ಏರಿದ ಕಳಶ ಮೊದಲು ಇಳಿಯಬೇಕು, ಆಮೇಲೆ ಬಟ್ಟೆ, ಆಮೇಲೆ ಕಟ್ಟು. ಬುಡದ ಹಗ್ಗಕ್ಕೇ ಮೊದಲು ಕೈ ಹಾಕಿದರೆ ಮೇಲಿರುವವನಿಗೆ ನಂಜುಂಡನೇ ಗತಿ.

ಕಂಪ್ಯೂಟರಿನ ಬಿಡಿಭಾಗಗಳನ್ನು ನಡೆಸುವ ಡ್ರೈವರ್ ಎಂಬ ತಂತ್ರಾಂಶಗಳದ್ದೂ ಇದೇ ಪಾಡು. ಹೊಸ ನೆಟ್‌ವರ್ಕ್ ಕಾರ್ಡ್ ಕಂಡೊಡನೆ ಲಿನಕ್ಸ್ ಅದರ ಡ್ರೈವರನ್ನು ಕರೆಯುತ್ತದೆ. ಅದು ಮೊದಲು ಒಂದಿಷ್ಟು ಮೆಮೊರಿ ಕೇಳಿ ಪಡೆಯುತ್ತದೆ, ಕಾರ್ಡಿನ ರಿಜಿಸ್ಟರುಗಳಿಗೆ ದಾರಿ ಮಾಡಿಕೊಳ್ಳುತ್ತದೆ, ‘ಕಾರ್ಡ್ ಕರೆದರೆ ನನ್ನನ್ನು ಎಬ್ಬಿಸು’ ಎಂದು ಇಂಟರಪ್ಟ್ ನೋಂದಾಯಿಸುತ್ತದೆ. ನಾಲ್ಕನೆಯ ಹೆಜ್ಜೆಯಲ್ಲಿ ಕಾರ್ಡಿಗೆ ಬೇಕಾದ ಫರ್ಮ್‌ವೇರ್ ಫೈಲೇ ಸಿಗಲಿಲ್ಲ ಅನ್ನಿ. ಆಗ ಹಿಂದಿನ ಮೂರನ್ನೂ ತಿರುಗುಮುರುಗಾಗಿ ಬಿಚ್ಚಬೇಕು. ಮೆಮೊರಿ ವಾಪಸು ಕೊಡುವುದನ್ನು ಮರೆತರೆ ಅದು ಸೋರಿತು, ಅಷ್ಟೇ. ಕ್ರಮ ತಪ್ಪಿದರೆ ಮಾತ್ರ ಕಷ್ಟ: ಮೆಮೊರಿ ವಾಪಸಾಗಿದೆ, ಇಂಟರಪ್ಟ್ ಇನ್ನೂ ಜೀವಂತ. ಕಾರ್ಡ್ ಒಮ್ಮೆ ಕರೆದರೆ ಸಾಕು, ಡ್ರೈವರ್ ಎದ್ದು ಈಗ ಬೇರೆಯವರ ಪಾಲಾಗಿರುವ ಜಾಗದಲ್ಲಿ ಗೀಚಿಬಿಡುತ್ತದೆ. ಯಂತ್ರ ಆಗಲೇ ಬೀಳಬಹುದು, ಗಂಟೆ ಬಿಟ್ಟು ಸಂಬಂಧವೇ ಇಲ್ಲದ ಕಡೆ ಬೀಳಬಹುದು.

ಪ್ರೋಗ್ರಾಮಿನಲ್ಲಿ ಒಂದು ಸಾಲಿನಿಂದ ಇನ್ನೊಂದಕ್ಕೆ ನೇರ ಜಿಗಿಸುವ ‘ಗೋಟೂ’ ಆದೇಶದ ಮೇಲೆ ಕಂಪ್ಯೂಟರ್ ವಿಜ್ಞಾನಿ ಡೈಕ್‌ಸ್ಟ್ರಾ 1968ರಲ್ಲಿ ಹರಿಹಾಯ್ದದ್ದು ಪ್ರಸಿದ್ಧ. ಲಿನಕ್ಸ್ ಬರೆಯುವವರು ಈ ಬಿಚ್ಚುವ ಕೆಲಸಕ್ಕೆ ಅದನ್ನೇ ನೆಚ್ಚಿದ್ದಾರೆ. ನನಗಂತೂ ಅದರಲ್ಲಿ ತಪ್ಪು ಕಾಣುವುದಿಲ್ಲ. ಬಿಚ್ಚುವ ಸಾಲುಗಳೆಲ್ಲ ಕೊನೆಯಲ್ಲಿ ಕಪಿಲೆಯ ಸ್ನಾನಘಟ್ಟದ ಮೆಟ್ಟಿಲಿನ ಹಾಗಿರುತ್ತವೆ. ಎಷ್ಟನೇ ಮೆಟ್ಟಿಲಲ್ಲಿ ಎಡವಿದಿರೋ ಅಲ್ಲಿಂದ ಒಂದೊಂದೇ ಇಳಿಯುವುದು.

ಆದರೂ ತಪ್ಪು ನುಸುಳುತ್ತದೆ, ಯಾಕೆಂದರೆ ಬರೆಯುವವನ ಮೇಜಿನ ಮೇಲೆ ಮೆಮೊರಿ ಮುಗಿಯುವುದೇ ಇಲ್ಲ. ಆ ಸಾಲುಗಳು ಓಡುವುದೂ ಇಲ್ಲ. ಅದಕ್ಕೇ ಬೇಕಂತಲೇ ‘ಮೆಮೊರಿ ಇಲ್ಲ ಹೋಗು’ ಎನ್ನುವ ಪರೀಕ್ಷಾ ಏರ್ಪಾಡೊಂದು ಲಿನಕ್ಸಿನ ತಿರುಳಾದ ಕರ್ನಲ್‌ನಲ್ಲೇ ಇದೆ.

2007ರಲ್ಲಿ ತೇಜುನ್ ಹಿಯೊ ಎಂಬ ಪ್ರೋಗ್ರಾಮರ್ ಇನ್ನೊಂದು ದಾರಿ ತಂದರು. ಡ್ರೈವರ್ ಪಡೆದದ್ದನ್ನೆಲ್ಲ ಕರ್ನಲ್ಲೇ ಸಾಧನದ ಹೆಸರಲ್ಲಿ ಲೆಕ್ಕ ಬರೆದಿಟ್ಟುಕೊಳ್ಳುತ್ತದೆ. ಕೆಲಸ ಕೆಟ್ಟರೆ, ಇಲ್ಲವೇ ಡ್ರೈವರನ್ನು ತೆಗೆದರೆ, ಕೊನೆಯದರಿಂದ ಶುರುಮಾಡಿ ತಾನೇ ಬಿಡಿಸುತ್ತದೆ. ಅರ್ಧ ಅದಕ್ಕೆ ಒಪ್ಪಿಸಿ ಅರ್ಧ ಕೈಯಲ್ಲಿ ಇಟ್ಟುಕೊಂಡವರು ಕೆಟ್ಟರು. ಇಂಟರಪ್ಟ್ ಕರ್ನಲ್ಲಿನ ಲೆಕ್ಕದಲ್ಲಿದೆ, ಮೆಮೊರಿಯನ್ನು ಡ್ರೈವರ್ ಕೈಯಾರೆ ಬಿಟ್ಟುಕೊಡುತ್ತದೆ ಅನ್ನಿ. ಕರ್ನಲ್ ತನ್ನ ಲೆಕ್ಕ ತೆರೆಯುವುದು ಡ್ರೈವರ್ ಕೈತೊಳೆದುಕೊಂಡ ಮೇಲೆ. ಆ ಚೂರು ಹೊತ್ತು ಬುಡದ ಹಗ್ಗ ಬಿಚ್ಚಿದೆ, ಕಳಶ ಮೇಲೇ ಇದೆ. ಇಂಥ ಡ್ರೈವರ್ ವರ್ಷಗಟ್ಟಲೆ ಸುಮ್ಮನೆ ಓಡೀತು, ಯಾರಾದರೂ ಅದನ್ನು ತೆಗೆಯುವವರೆಗೆ.