ದಂಡಿನಲ್ಲಿ ಸ್ತ್ರೀಯರ ಮಾನ

2011ನೆಯ ಇಸವಿಯ ಮಾರ್ಚಿ ತಿಂಗಳಲ್ಲಿ ಭೂಕಂಪವೂ ಸಮುದ್ರದ ಹೆದ್ದೆರೆಯೂ ಜಪಾನ್ ದೇಶದ ಈಶಾನ್ಯ ತೀರವನ್ನು ಹಾಳುಗೆಡವಿದಾಗ, ಮನೆಮಠ ಕಳೆದುಕೊಂಡವರಿಗೆ ಸ್ನಾನಕ್ಕೆ ಬಿಸಿನೀರನ್ನು ಸಹ ಒದಗಿಸಿಕೊಟ್ಟವರು ಆ ದೇಶದ ಆತ್ಮರಕ್ಷಣಾ ದಳದವರು. ದಳದ ಸ್ತ್ರೀಯರು ಮಾಡುತ್ತಿದ್ದ ಈ ಸೇವೆಯನ್ನು ಹನ್ನೊಂದು ವರ್ಷದ ಬಾಲಿಕೆಯೊಬ್ಬಳು ಕಂಡು, ತಾನೂ ಅವರಂತಾಗಬೇಕೆಂದು ಸಂಕಲ್ಪಿಸಿದಳು. ಆಕೆಯ ಹೆಸರು ರಿನಾ ಗೊನೊಯಿ. 2020ರಲ್ಲಿ ಆ ಸಂಕಲ್ಪವು ಕೈಗೂಡಿತು. 2022ರಲ್ಲಿ ಆಕೆಯು ದಳವನ್ನೇ ಬಿಟ್ಟು ಹೊರಬಂದಳು. ಇದಕ್ಕೆ ಕಾರಣರು ಶತ್ರುಗಳಲ್ಲ, ಸ್ವಪಕ್ಷದವರೇ.

2021ರ ಆಗಸ್ಟಿನಲ್ಲಿ ಹೊಕ್ಕೈಡೊ ದ್ವೀಪದ ಶಿಬಿರದಲ್ಲಿ ಮೂವರು ಸಹೋದ್ಯೋಗಿಗಳು ಕುಸ್ತಿಯ ಪಟ್ಟೆಂಬ ನೆಪದಿಂದ ಆಕೆಯನ್ನು ಕೆಳಕ್ಕೆ ಕೆಡವಿ, ಬರೆಯಲು ನಾಚಿಕೆಯಾಗುವಂಥ ಚೇಷ್ಟೆಗಳನ್ನು ನಡೆಸಿದರು. ಸುತ್ತಲಿದ್ದ ಹತ್ತಾರು ಮಂದಿ ನೋಡಿ ನಕ್ಕರು. ಆಕೆಯು ಮೇಲಿನವರಿಗೆ ಫಿರ್ಯಾದು ಸಲ್ಲಿಸಿದಾಗ ಕಂಡೆನೆಂದು ಹೇಳುವವರೊಬ್ಬರೂ ದೊರೆಯಲಿಲ್ಲ. ಕೌರವಸಭೆಯಲ್ಲಿ ವಿಕರ್ಣನಾದರೂ ಒಬ್ಬನಿದ್ದನು. ಇಲ್ಲಿ ಅವನೂ ಇರಲಿಲ್ಲ. ಸಾಕ್ಷ್ಯ ಸಾಲದೆಂದು ಸರ್ಕಾರದ ವಕೀಲರೂ ಮೊಕದ್ದಮೆಯನ್ನು ಕೈಬಿಟ್ಟರು.

ಬೇರೆ ದಾರಿ ಕಾಣದೆ ಆಕೆಯು ತನ್ನ ಹೆಸರನ್ನೂ ಮುಖವನ್ನೂ ಮರೆಮಾಡದೆ ಲೋಕದ ಮುಂದೆ ನಿಂತಳು. ಲಕ್ಷಕ್ಕೂ ಮೀರಿದ ಜನರು ಆಕೆಯ ಮನವಿಗೆ ರುಜು ಹಾಕಿದರು. 2022ರ ಸೆಪ್ಟೆಂಬರಿನಲ್ಲಿ ಭೂಸೇನೆಯ ಮುಖ್ಯಸ್ಥರು ಬಹಿರಂಗವಾಗಿ ಕ್ಷಮೆ ಬೇಡಿದರು. ಡಿಸೆಂಬರಿನಲ್ಲಿ ಐವರನ್ನು ಕೆಲಸದಿಂದ ತೆಗೆಯಲಾಯಿತು. 2023ರ ಡಿಸೆಂಬರಿನಲ್ಲಿ ಫುಕುಷಿಮಾದ ನ್ಯಾಯಸ್ಥಾನವು ಆ ಮೂವರನ್ನೂ ಅಪರಾಧಿಗಳೆಂದು ತೀರ್ಮಾನಿಸಿ, ಎರಡು ವರ್ಷಗಳ ಶಿಕ್ಷೆಯನ್ನು ವಿಧಿಸಿ ಅಮಾನತ್ತಿನಲ್ಲಿರಿಸಿತು.

ಇದು ಒಬ್ಬಳ ಕಥೆಯಷ್ಟೇ ಆಗಿದ್ದರೆ ಇಷ್ಟು ಬರೆಯಬೇಕಾಗಿರಲಿಲ್ಲ. ಬಳಿಕ ದಳದಲ್ಲೆಲ್ಲ ನಡೆದ ವಿಶೇಷ ತಪಾಸಣೆಯಲ್ಲಿ ಸ್ತ್ರೀಪುರುಷರಿಬ್ಬರಿಂದಲೂ 1,300ಕ್ಕೆ ಮಿಕ್ಕ ಕಿರುಕುಳದ ದೂರುಗಳು ಬಂದವು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಮೊದಲು ಎಲ್ಲಿಯೂ ಬಾಯಿಬಿಟ್ಟಿರಲಿಲ್ಲ. ದೂರಿದರೆ ಫಲವಿಲ್ಲ, ಹಗೆ ಮಾತ್ರ ಉಳಿಯುವುದೆಂಬ ನಂಬಿಕೆ ಬೇರೂರಿದಲ್ಲಿ ಶಿಸ್ತೆಂಬುದು ಬರಿಯ ವೇಷವಾಗುತ್ತದೆ. ಆಳುಗಳು ಸಾಕಷ್ಟು ದೊರೆಯದೆ ಕಷ್ಟಪಡುತ್ತಿರುವ ಆ ದಳವು ತಾನಾಗಿ ಒಲಿದು ಬಂದವಳನ್ನು ತಾನೇ ಹೊರದೂಡಿತಲ್ಲವೆ!

ಎಲ್ಲ ದಂಡುಗಳಲ್ಲಿಯೂ ದುಷ್ಟರು ಕೆಲವರಿರಬಹುದು. ಆದರೆ ನಮ್ಮ ಮಾತು ದುಷ್ಟರನ್ನು ಕುರಿತದ್ದಲ್ಲ, ದೂರನ್ನು ಯಾರು ಕೇಳಬೇಕೆಂಬುದನ್ನು ಕುರಿತದ್ದು. ದೂರು ಬಂದರೆ ಯಾವ ಅಧಿಕಾರಿಯ ಹೆಸರಿಗೆ ಕುಂದೋ ಅವನೇ ಅದನ್ನು ವಿಚಾರಿಸುವುದಾದರೆ, ಬೇಲಿಯನ್ನೇ ಹೊಲದ ಪಂಚಾಯತಿಗೆ ಕೂರಿಸಿದಂತಲ್ಲವೆ? ಈ ತತ್ತ್ವವನ್ನು ಇತರರು ಕಂಡುಕೊಂಡಿದ್ದಾರೆ. ದಕ್ಷಿಣ ಕೊರಿಯದಲ್ಲಿ 2021ರಲ್ಲಿ ವಾಯುಸೇನೆಯ ಸ್ತ್ರೀಯೊಬ್ಬಳು ಇಂಥ ಅನ್ಯಾಯಕ್ಕೆ ಸಿಕ್ಕಿ ಪ್ರಾಣ ನೀಗಿಕೊಂಡ ಮೇಲೆ, ಈ ಬಗೆಯ ಅಪರಾಧಗಳ ವಿಚಾರಣೆಯನ್ನು 2022ರ ಜುಲೈಯಿಂದ ಸಾಮಾನ್ಯ ನ್ಯಾಯಸ್ಥಾನಗಳಿಗೆ ಒಪ್ಪಿಸಲಾಯಿತು. ಅಮೆರಿಕದಲ್ಲಿ ಮೊಕದ್ದಮೆ ಹೂಡುವ ಅಧಿಕಾರವು 2023ರ ಡಿಸೆಂಬರಿನಿಂದ ದಳಪತಿಗಳ ಕೈತಪ್ಪಿ, ಅದಕ್ಕಾಗಿಯೇ ನೇಮಕವಾದ ವಕೀಲರ ಕೈಸೇರಿತು.

ನಮ್ಮ ದೇಶದಲ್ಲಿ 1992ರಿಂದ ಸ್ತ್ರೀಯರು ಸೈನ್ಯದ ಹಲವು ಶಾಖೆಗಳಲ್ಲಿ ಅಧಿಕಾರಿಗಳಾಗಿದ್ದಾರೆ. ಅವರಿಗೆ ಕಾಯಂ ಹುದ್ದೆಯ ಹಕ್ಕನ್ನು 2020ರಲ್ಲಿ ಸರ್ವೋಚ್ಚ ನ್ಯಾಯಾಲಯವು ಎತ್ತಿಹಿಡಿಯಿತು. 2021ರ ಮೇ ತಿಂಗಳಲ್ಲಿ ನಮ್ಮ ಬೆಂಗಳೂರಿನಲ್ಲಿಯೇ 83 ಮಂದಿ ಯುವತಿಯರು ತರಬೇತಿ ಮುಗಿಸಿ, ಮಿಲಿಟರಿ ಪೋಲೀಸಿನ ಪ್ರಥಮ ಸ್ತ್ರೀ ಸಿಪಾಯಿಗಳಾಗಿ ಹೊರಟರು. ಬಾಗಿಲನ್ನು ತೆರೆದದ್ದು ಸಂತೋಷವೇ. ಆದರೆ ಒಳಕ್ಕೆ ಕರೆದವರ ಮಾನವನ್ನು ಕಾಯುವ ಹೊಣೆಯೂ ಬಾಗಿಲು ತೆರೆದವರದೇ. ಮಗಳನ್ನು ದಂಡಿಗೆ ಕಳುಹಿಸುವ ತಂದೆತಾಯಿಗಳು ಶತ್ರುವಿನ ಗುಂಡಿಗೆ ಹೆದರಲಾರರು. ಅವರು ಕೇಳುವುದು ಒಂದೇ: ಆಕೆಯು ದೂರಿತ್ತರೆ ಅದನ್ನು ನಿಷ್ಪಕ್ಷಪಾತಿಗಳು ವಿಚಾರಿಸುವರೆ? ಸರ್ಕಾರದವರು ಇದಕ್ಕೆ ಅಪಘಾತವು ನಡೆಯುವ ಮುಂಚೆಯೇ ಉತ್ತರ ಕೊಡುವುದು ಮೇಲು.